ಅಜ್ಮೀರಿನ ತನಕ ಮಾನ್ವಿ ರಸ್ತೆ

ನನ್ನ ಇಡೀ ನೌಕರಿ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಭೂಗೋಳ ಕಲಿಸುತ್ತ ಕಳೆಯಿತು. ಹಿಮಾಲಯದ ಶ್ರೇಣಿಗಳು ಯಾವುವು, ನರ್ಮದೆ ಯಾಕೆ ಪಶ್ಚಿಮಕ್ಕೆ ಹರಿಯುತ್ತಾಳೆ, ಕಪ್ಪು ಮಣ್ಣು ಮಳೆಗೆ ಹೇಗೆ ಉಬ್ಬಿ ಬಿಸಿಲಿಗೆ ಹೇಗೆ ಕುಗ್ಗುತ್ತದೆ, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಕಣ್ಣು ಮುಚ್ಚಿ ಹೇಳುವುದೇ ಸರಿಯಾಗಿತ್ತು, ಏಕೆಂದರೆ ಕಪ್ಪು ಮಣ್ಣೊಂದನ್ನು ಬಿಟ್ಟರೆ ಉಳಿದದ್ದನ್ನು ನಾನು ಕಣ್ಣು ಬಿಟ್ಟು ಕಂಡವನೇ ಅಲ್ಲ. ಹೈದರಾಬಾದಿನಿಂದ ಆಚೆಗೆ ಕಾಲಿಟ್ಟಿರಲಿಲ್ಲ. ಇಂಥ ನಾನು ಒಬ್ಬರಿಗೆ ರಾಯಚೂರಿನಿಂದ ಅಜ್ಮೀರಿಗೆ ರಸ್ತೆ ಹಾಕಿಕೊಟ್ಟೆ ಎಂದರೆ ನಮ್ಮ ಮನೆಯವರೇ ನಗುತ್ತಾರೆ. ಹಾಕಿಸಿಕೊಂಡವರು ಈಗಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಕೂತರೆ ನನ್ನ ಬಗ್ಗೆಯೇ ಬರೆಯುತ್ತಿದ್ದೇನೆ, ಇದೂ ಹಳೆಯ ಚಾಳಿಯೇ.

ಅವರನ್ನು ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ನಾನೂ ಅಷ್ಟೇ ಅನ್ನುತ್ತೇನೆ. ರಾಯಚೂರಿನ ಗಂಜ್ ಹಿಂದೆ ಒಂದು ಬೇವಿನ ಗಿಡ, ಅದರ ಕೆಳಗೆ ನಾಲ್ಕು ತಗಡು, ಅದೇ ಅವರ ಗ್ಯಾರೇಜು. ಕೈ ಸದಾ ಗ್ರೀಸಿನಲ್ಲಿ ಇರುತ್ತಿದ್ದುದರಿಂದ ಬಂದವರಿಗೆ ಮುಂಗೈ ಚಾಚುತ್ತಿದ್ದರು. ನಾವು ಅವರ ಮಣಿಕಟ್ಟು ಹಿಡಿದು ಕುಲುಕಬೇಕು. ಗಾಡಿ ತಂದವನ ಮುಖ ನೋಡುವ ಮೊದಲು ಗಾಡಿಯ ಮುಖ ನೋಡುವುದು ಅವರ ಪದ್ಧತಿ. ಲಾರಿಯವರು ರೋಗ ವರ್ಣಿಸಲು ಶುರು ಮಾಡಿದರೆ, "ತಾಳ್ರಿ, ಅದಾ ಹೇಳಾಕತ್ತದ" ಎಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ನಟ್ಟು ಬಿಗಿಯುವಾಗ ಮೌನ. ಅವರ ಮನೆ ನಮ್ಮ ಓಣಿಯಲ್ಲೇ ಇತ್ತು.

ಅವರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಬಾವಿಕಟ್ಟೆಯ ಮೇಲೆ ಜಾರಿಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವರು ಬಹಳ ಹೊತ್ತು ಕೂರುವಂತಿರಲಿಲ್ಲ. ಕಿಟಕಿಯ ಪಕ್ಕ ನವಾರ ಪಟ್ಟಿಯ ಮಂಚದ ಮೇಲೆ ಮಲಗಿಯೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು, ಮಲಗಿಯೇ ಓಣಿಯ ವ್ಯವಹಾರ ನಡೆಸುತ್ತಿದ್ದರು. ಅವರನ್ನು ತಾಯಿಯಂತೆ ಸಾಕಿದ ಅಕ್ಕ, ಅವರ ಮಾತಿನಲ್ಲಿ ಆಪಾ, ಅಜ್ಮೀರಿನಲ್ಲಿದ್ದರು. ಒಂದು ದಿನ ಆ ಕಡೆಯಿಂದ ಕಾಗದ ಬಂತು. ಅಕ್ಕನ ಕಣ್ಣಿನ ನರ ಸೊರಗುತ್ತಿದೆ, ಪೊರೆ ತೆಗೆದ ಹಾಗೆ ತೆಗೆದು ಸರಿಮಾಡುವ ರೋಗವಲ್ಲ, ಒಂದೆರಡು ವರ್ಷ ಕಂಡೀತು ಅಷ್ಟೇ. ಪೂರ್ತಿ ಕತ್ತಲಾಗುವ ಮೊದಲು ತಂಗಿಯ ಮುಖ ಒಂದು ಸಲ ನೋಡಬೇಕಂತೆ. ಎಪ್ಪತ್ತರ ದಶಕದ ಕೊನೆಯ ಮಾತು ಇದು.

ರೈಲಿಗೆ ಹೋಗಬಹುದಲ್ಲ ಎಂದು ನಾನು ಬುದ್ಧಿವಂತನ ಹಾಗೆ ಹೇಳಿದೆ.

"ನೋವು ಎದ್ದಿತಂದ್ರ ಆಕಿ ಅರ್ಧ ತಾಸು ಅಲುಗಬಾರದು, ಮಾಸ್ತರ್," ಎಂದರು ಮಿಸ್ತ್ರಿ. "ನಮ್ಮ ಮನಿಯಾಕಿ ಸಲುವಾಗಿ ರೈಲು ಅರ್ಧ ತಾಸು ನಿಲ್ತದೇನ್ರಿ?"

ಅದಕ್ಕೇ ಅವರು ಟ್ರೇಲರ್ ಕಟ್ಟಿದರು. ಹರಾಜಿನಲ್ಲಿ ತಂದ ಹಳೆಯ ಜೀಪು, ಅದರ ಹಿಂದೆ ಜೋಡಿಸಲು ಎರಡು ಗಾಲಿಯ ಟ್ರೇಲರು. ಅದರೊಳಗೆ ನವಾರಿನ ಮಂಚ, ಹತ್ತಿಯ ಗಾದಿ, ಮೇಲೆ ಕಮಾನಿನ ಹಾಗೆ ಬಗ್ಗಿಸಿದ ಕೊಳವೆಗಳಿಗೆ ತಾಡಪತ್ರಿ, ಎರಡೂ ಮಗ್ಗುಲಲ್ಲಿ ಮಡಚುವ ಕಿಟಕಿ, ಹಿಂದೆ ಸ್ಟೋವು, ನೀರಿನ ಡ್ರಮ್ಮು, ಅಕ್ಕಿ-ಬೇಳೆಯ ಡಬ್ಬಿ. ಮಂಚದ ತಲೆಯ ಕಡೆಯಿಂದ ಒಂದು ಹಗ್ಗ ಹೊರಟು ಜೀಪಿನೊಳಗಿನ ಗಂಟೆಗೆ ಸೇರುತ್ತಿತ್ತು. ನೋವೆದ್ದರೆ ಭಾಬಿ ಹಗ್ಗ ಜಗ್ಗಬೇಕು, ಗಾಡಿ ನಿಲ್ಲಬೇಕು. ಹೋದಲ್ಲಿ ಗಿಡದ ನೆರಳಿಗೆ ಡೇರೆ, ಎಲ್ಲಿ ಬೇಕಾದರೂ ಮನೆ. ಊರ ಜನ ದಾರಿಯಲ್ಲಿ ನಿಂತು ನೋಡಿಹೋಗುತ್ತಿದ್ದರು.

ಉಳಿದದ್ದು ರಸ್ತೆ ಆರಿಸುವುದು. ಒಂದು ಸಂಜೆ ಮಿಸ್ತ್ರಿ ನಮ್ಮ ಮನೆಗೇ ಬಂದು, "ಮಾಸ್ತರ್, ನಿಮ್ಮಿಂದ ಒಂದು ಕೆಲಸ ಆಗಬೇಕಾಗ್ಯದ" ಎಂದಾಗ ನನ್ನ ಎದೆ ಉಬ್ಬಿತು. ಭೂಗೋಳಕ್ಕೆ ಕೊನೆಗೂ ಬೆಲೆ ಬಂತೆಂದು ಶಾಲೆಯ ಅಟ್ಲಾಸು ಹೊತ್ತು ತಂದೆ. ಲಿಂಗಸುಗೂರು, ಬಿಜಾಪುರ, ಸೊಲ್ಲಾಪುರ, ಔರಂಗಾಬಾದ್, ಧುಳೆ, ಇಂದೋರ್ ಎಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಸುತ್ತಮುತ್ತಲಿನ ವಾಯುಗುಣವನ್ನೂ ವಿವರಿಸಿದೆ. ಅವರು ಬಹಳ ಹೊತ್ತು ನಕ್ಷೆ ನೋಡಿದರು.

"ಇದರಾಗ ಗುಂಡಿ ಎಲ್ಲಿ ತೋರಿಸ್ಯಾರ್ರಿ?"

ತೋರಿಸಿಲ್ಲ ಎಂದೆ.

"ನೆರಳು?"

ದಟ್ಟ ಕಾಡನ್ನು ಹಸಿರು ಬಣ್ಣದಲ್ಲಿ ತೋರಿಸಿದ್ದಾರೆ ಎಂದೆ. ಅವರು ಅಟ್ಲಾಸನ್ನು ಮೆಲ್ಲಗೆ ಮುಚ್ಚಿ, ಶಾಲೆಗೆ ರಜೆಯಿರುವ ಐತಾರ ಬೆಳಿಗ್ಗೆ ತಮ್ಮ ಜೊತೆ ಬರಬೇಕೆಂದು ಕೇಳಿಕೊಂಡರು.

ಐತಾರ ಅವರು ನನ್ನನ್ನು ಕರೆದೊಯ್ದದ್ದು ಒಂದು ಅಕ್ಕಿ ಗಿರಣಿಗೆ. ಚೀಲ ತೂಗುವ ಕಾಟಾದ ಮೇಲೆ ನಿಲ್ಲಲು ಹೇಳಿದರು. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಕಲ್ಲು ಸರಿಪಡಿಸಿ ಬಗ್ಗಿ ನೋಡಿದ ಮಿಸ್ತ್ರಿ, "ಐವತ್ತೊಂದು. ಬರೋಬರಿ" ಎಂದರು. ಯಾವುದಕ್ಕೆ ಬರೋಬರಿ ಎಂದು ಕೇಳಿದೆ.

"ನಮ್ಮ ಮನಿಯಾಕಿ ತೂಕ, ಮಾಸ್ತರ್. ಅಷ್ಟಾ ಅಲ್ಲ. ನೀವು ಸೈಕಲ್ ಮ್ಯಾಲೆ ಬರೋದು ದಿನಾ ನೋಡ್ತೀನಿ. ಸಣ್ಣ ಹರಳು ಗಾಲಿಗೆ ಸಿಕ್ಕರೂ ನೀವು ಮುಖ ಕಿವುಚ್ತೀರಿ. ನಾನು ಮೂವತ್ತು ವರ್ಷ ಲಾರಿಯೊಳಗ ಕುಂತು ಕುಂತು ಕುಂಡಿ ಸತ್ತುಹೋಗ್ಯದ. ರಸ್ತಿ ನನಗೇನೂ ಹೇಳಂಗಿಲ್ಲ. ನಿಮಗ ಹೇಳ್ತದ."

ಆ ದಿನ ನನಗೆ ನನ್ನ ನಿಜವಾದ ಅರ್ಹತೆ ತಿಳಿಯಿತು. ನಾನು ಮಾರ್ಗದರ್ಶಿಯಲ್ಲ, ಸರಕು. ಆದರೂ ಒಪ್ಪಿಕೊಂಡೆ. ಯಾಕೆಂದರೆ ಅಷ್ಟು ವರ್ಷದ ನೌಕರಿಯಲ್ಲಿ ನನ್ನಲ್ಲಿ ಇರುವ ಯಾವುದಾದರೂ ಒಂದು ಗುಣವನ್ನು ಅಷ್ಟು ಗಮನವಿಟ್ಟು ನೋಡಿದವರು ಅವರೊಬ್ಬರೇ.

ಹೀಗೆ ನಾನು ಐತಾರಕ್ಕೊಮ್ಮೆ ಟ್ರೇಲರಿನಲ್ಲಿ ಅಂಗಾತ ಮಲಗಿ ಜಿಲ್ಲೆ ಸುತ್ತತೊಡಗಿದೆ. ನನ್ನ ಪಕ್ಕ ಇನ್ನೊಬ್ಬ ಪ್ರಯಾಣಿಕ ಇರುತ್ತಿದ್ದ: ಒಂದು ಕುಡಿಕೆ ಮೊಸರು. ಅದು ಭಾಬಿಯ ಯೋಚನೆ. ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ನನ್ನ ಕೈಗೆ ಕೊಡುತ್ತಿದ್ದರು. ಮಧ್ಯಾಹ್ನ ತಿರುಗಿ ಬಂದಾಗ ಗಟ್ಟಿ ಹೆಪ್ಪುಗಟ್ಟಿದ್ದರೆ ರಸ್ತೆ ಪಾಸು. ಒಡೆದು ನೀರು ಬಿಟ್ಟಿದ್ದರೆ ನಪಾಸು. "ನನ್ನ ಬೆನ್ನು, ಈ ಮೊಸರು ಎರಡೂ ಒಂದಾ ಜಾತಿ" ಎನ್ನುತ್ತಿದ್ದರು. ಮೊಸರು ಬಾಯಿಬಿಟ್ಟು ಹೇಳದ್ದನ್ನು ನಾನು ಹೇಳಬೇಕು. ಎಲ್ಲಿ ಕುಕ್ಕಿತು, ಎಲ್ಲಿ ಜಗ್ಗಿತು, ಸೊಂಟಕ್ಕೋ ಕುತ್ತಿಗೆಗೋ, ಮಿಸ್ತ್ರಿ ಪ್ರತಿ ಗಿಡದ ಕೆಳಗೆ ನಿಲ್ಲಿಸಿ ಕೇಳುತ್ತಿದ್ದರು. ಕೇಳಿ, ಜಾಕು ಹಚ್ಚಿ, ಟ್ರೇಲರಿನ ಅಡಿಯಲ್ಲಿ ಕುಲುಕಾಟ ತಾಳುವ ಕಮಾನುಪಟ್ಟಿಗಳಲ್ಲಿ ಒಂದನ್ನು ಬಿಚ್ಚುವುದೋ ಇನ್ನೊಂದನ್ನು ಸೇರಿಸುವುದೋ ಮಾಡುತ್ತಿದ್ದರು. ನಾನು ನರಳಿದಷ್ಟೂ ಅವರಿಗೆ ಸಂತೋಷ. "ಭೇಷ್, ಮಾಸ್ತರ್" ಎನ್ನುತ್ತಿದ್ದರು. ತರಗತಿಯಲ್ಲಿ ನಾನು ಹೇಳಿದ್ದನ್ನು ಅಷ್ಟು ಶ್ರದ್ಧೆಯಿಂದ ಯಾರೂ ಬರೆದುಕೊಂಡದ್ದಿಲ್ಲ.

ಮಾನ್ವಿ ರಸ್ತೆ ಪಾಸಾಯಿತು. ನಾನು ದಾರಿಯಲ್ಲಿ ನಿದ್ದೆ ಹೋದೆ. ಮಟಮಾರಿ ಕಡೆ ಗುಂಡಿ ದೊಡ್ಡವು, ಆದರೆ ದೂರ ದೂರ. ಕಂಡಾಗ ನಿಧಾನ ಮಾಡಿದರೆ ಸಾಕು. ಕವಿತಾಳದ ದಾರಿಯಲ್ಲಿ ಸಣ್ಣ ಕುಲುಕಾಟ ಒಂದು ಗಳಿಗೆಯೂ ನಿಲ್ಲಲಿಲ್ಲ. ಹಲ್ಲು ಕಟಕಟ ಎಂದವು, ಮೊಸರು ಮಜ್ಜಿಗೆಯಾಯಿತು, ನಪಾಸು. ಇನ್ನು ಉಳಿದಿದ್ದು ದೇವದುರ್ಗ.

ಅಷ್ಟರಲ್ಲಿ ಶಾಲೆಯಲ್ಲಿ ಸುದ್ದಿ ಹಬ್ಬಿತ್ತು. ಶಿಕ್ಷಕರ ಕೋಣೆಯಲ್ಲಿ ನನಗೆ ಲಗೇಜ್ ಮಾಸ್ತರ್ ಎಂದು ಹೆಸರು ಬಿದ್ದಿತ್ತು. ಇಟ್ಟವರು ಪಿ.ಟಿ. ಮಾಸ್ತರರು. ಆರಡಿ ಆಳು, ಎದೆ ಸೆಟೆಸಿ ನಡೆಯುವವರು. ದೇವದುರ್ಗದಲ್ಲಿ ತಮಗೂ ಕೆಲಸವಿದೆಯೆಂದು ಆ ಐತಾರ ಅವರೂ ಜೀಪಿನ ಮುಂದಿನ ಸೀಟು ಹತ್ತಿದರು. ಹೊರಡುವಾಗ ತಾಡಪತ್ರಿಯ ಕಿಟಕಿಯಲ್ಲಿ ಮುಖ ತೂರಿಸಿ, "ಬಾಣಂತಿ ಹಂಗ ನರಳ್ತೀರಂತಲ್ಲ, ಇವತ್ತ ಕೇಳೋಣಂತ ಬಂದೀನಿ ನೋಡ್ರಿ" ಎಂದರು.

ಅಷ್ಟೇ ಸಾಕಾಯಿತು. ಕಲ್ಮಲ ದಾಟಿ ದೇವದುರ್ಗದ ದಾರಿ ಹಿಡಿದ ಮೇಲೆ ನಾನು ಬಾಯಿ ಬಿಡಲಿಲ್ಲ. ಆ ರಸ್ತೆ ಆಗ ಕಣ್ಣಿಗೆ ಚೆಂದವಿತ್ತು, ಗುಂಡಿಯಿಲ್ಲದ ಡಾಂಬರು. ಆದರೆ ಕೆಳಗೆ ಎರೆಮಣ್ಣು. ವರ್ಷ ವರ್ಷವೂ ಉಬ್ಬಿ ಕುಗ್ಗಿ ರಸ್ತೆ ಉದ್ದುದ್ದಕ್ಕೆ ಅಲೆ ಎದ್ದಿತ್ತು. ಜೀಪಿನಲ್ಲಿ ಕೂತವರಿಗೆ ಅದು ತಿಳಿಯುತ್ತಿರಲಿಲ್ಲ. ಹಿಂದಿನ ಟ್ರೇಲರು ಮಾತ್ರ ನನ್ನನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಬೆನ್ನಿನ ಒಂದೊಂದು ಮಣಿಯೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಸಿಕ್ಕಿತು. ನಾನು ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಕಪ್ಪು ಮಣ್ಣಿನ ಈ ಗುಣವನ್ನೇ ವರ್ಷಾ ವರ್ಷಾ ಹಲಗೆಯ ಮೇಲೆ ಬರೆಸಿದ್ದವನು ನಾನು. ಆಗ ಅದು ನೆನಪಿಗೂ ಬರಲಿಲ್ಲ. ಮುಂದಿನ ಸೀಟಿನ ಆಸಾಮಿಯೊಬ್ಬನೇ ನೆನಪಿದ್ದ.

ದೇವದುರ್ಗದ ಬಸ್ ನಿಲ್ದಾಣದ ಬಳಿ ಗಾಡಿ ನಿಂತಿತು. ಮಿಸ್ತ್ರಿ ಬಂದು, "ಎಲ್ಲಿ ನೋಯ್ತು?" ಎಂದರು. ಅವರ ಹೆಗಲ ಹಿಂದೆ ಪಿ.ಟಿ. ಮಾಸ್ತರರ ನಗು ಸಿದ್ಧವಾಗಿತ್ತು.

"ಎಲ್ಲೂ ಇಲ್ಲ. ಛಲೋ ಅದ. ಮಾನ್ವಿ ಹಂಗಾ ಅದ," ಎಂದೆ.

ಮಿಸ್ತ್ರಿ ಕುಡಿಕೆ ತೆಗೆದುಕೊಂಡು ಜೀಪಿನ ಆ ಬದಿಗೆ ಹೋದರು. ತಿರುಗಿ ಬಂದು ನನ್ನ ಮುಖ ಒಮ್ಮೆ ನೋಡಿದರು. ಖಾಲಿ ಕುಡಿಕೆಯನ್ನು ಸೀಟಿನ ಕೆಳಗೆ ಇಟ್ಟರು. ಕಮಾನುಪಟ್ಟಿಗೆ ಕೈ ಹಚ್ಚಲಿಲ್ಲ. ಅಜ್ಮೀರಿಗೆ ಹೋಗುವವರು ದೇವದುರ್ಗದ ಮೇಲೆ ಯಾಕೆ ಹೋಗುತ್ತಾರೆ, ಇದರಿಂದ ಯಾರಿಗೇನು ನಷ್ಟ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಮಿಸ್ತ್ರಿಯ ತಲೆಯಲ್ಲಿ ಇದ್ದದ್ದು ಆಮೇಲೆ ತಿಳಿಯಿತು. ಅವರ ಗ್ಯಾರೇಜಿಗೆ ಹತ್ತಿ, ಅಕ್ಕಿ ಒಯ್ಯುವ ಲಾರಿಗಳು ಬರುತ್ತಿದ್ದವು. ಸೊಲ್ಲಾಪುರ, ಧುಳೆ, ಇಂದೋರು ಕಂಡ ಡ್ರೈವರುಗಳು. ನಮ್ಮ ಸುತ್ತಲಿನ ರಸ್ತೆಗಳೂ ಅವರಿಗೆ ಗೊತ್ತು. ಒಬ್ಬೊಬ್ಬರನ್ನೂ ಕೂರಿಸಿ ಚಹಾ ಕೊಟ್ಟು ಮಿಸ್ತ್ರಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅಲ್ಲಿಂದ ಮುಂದ ಮಾನ್ವಿ ಹಂಗ ಅದನೋ, ಕವಿತಾಳ ಹಂಗ ಅದನೋ?" ಡ್ರೈವರು ಯೋಚಿಸಿ, "ಇಪ್ಪತ್ತು ಮೈಲಿ ಕವಿತಾಳ. ಆಮ್ಯಾಲೆ ಘಾಟ್ ತನಕ ಮಾನ್ವಿ" ಎನ್ನುತ್ತಿದ್ದ. ನನ್ನ ಕೆಲಸ ಅದನ್ನು ನಕ್ಷೆಯ ಮೇಲೆ ಬರೆಯುವುದು. ಹೋಗಬಹುದಾದದ್ದು ನೀಲಿ, ಹೋಗಬಾರದ್ದು ಕೆಂಪು. ಒಂದು ಮಳೆಗಾಲ ಮುಗಿಯುವುದರೊಳಗೆ ಹಿಂದುಸ್ಥಾನದ ಅರ್ಧ ನಕ್ಷೆಯ ಮೇಲೆ ಮಾನ್ವಿ, ಮಟಮಾರಿ, ಕವಿತಾಳಗಳು ಹರಡಿದವು. ಮಾಳವದ ನಡುವೆ ಮಾನ್ವಿ. ರಾಜಸ್ಥಾನದ ಗಡಿಯಲ್ಲಿ ಮಟಮಾರಿ. ಬೇರೆ ಯಾವ ಭೂಗೋಳದ ಮಾಸ್ತರನೂ ಇಂಥ ನಕ್ಷೆ ಮಾಡಿರಲಾರ.

ಆಮೇಲೆ ಒಬ್ಬ ಡ್ರೈವರು ಬಿಜಾಪುರ ದಾಟಿದ ಮೇಲಿನ ದಾರಿಗೆ, "ನಲವತ್ತು ಮೈಲಿ ದೇವದುರ್ಗ, ಎಲ್ಲಾ ಎರಿಭೂಮಿ" ಎಂದ. ನನ್ನ ಕೈ ನಿಂತಿತು. ಮುಂದೆ ಔರಂಗಾಬಾದಿನ ಬಳಿ ಮತ್ತೆ ದೇವದುರ್ಗ. ಇಂದೋರಿನ ಆಚೆ ಮತ್ತೆ. ದಖನ್ ತುಂಬ ಅದೇ ಕಪ್ಪು ಮಣ್ಣು; ಇದನ್ನು ನಾನಲ್ಲದೆ ಇನ್ಯಾರು ಹೇಳಬೇಕಿತ್ತು? ಮಿಸ್ತ್ರಿ ಕಾಯುತ್ತಿದ್ದರು. ನಾನು ನೀಲಿ ಪೆನ್ಸಿಲ್ ತೆಗೆದುಕೊಂಡು ದೇವದುರ್ಗ ಎಂದು ಬರೆದೆ. ಹೇಳಿಬಿಡಬೇಕೆಂದು ಆಮೇಲೆ ಎರಡು ಸಲ ಗ್ಯಾರೇಜಿಗೆ ಹೋದೆ. ಎರಡು ಸಲವೂ ಚಹಾ ಕುಡಿದು ವಾಪಸ್ಸು ಬಂದೆ.

ಚಳಿಗಾಲದ ಒಂದು ಮುಂಜಾನೆ ಅವರಿಬ್ಬರೂ ಹೊರಟರು. ಓಣಿಯೇ ಬೀಳ್ಕೊಟ್ಟಿತು. ಭಾಬಿ ಕಿಟಕಿಯಿಂದ ಕೈ ಹೊರಗೆ ಹಾಕಿ, "ಮಾಸ್ತರ್, ನಿಮ್ಮ ಜಾಗಾ ನಾ ತಗೊಂಡೆ, ಸಿಟ್ಟಾಗಬ್ಯಾಡ್ರಿ" ಎಂದು ನಕ್ಕರು. ಹನ್ನೆರಡನೆಯ ದಿನ ಟ್ರೇಲರು ಎತ್ತಿನ ಬಂಡಿಯ ವೇಗದಲ್ಲಿ ಓಣಿಗೆ ತಿರುಗಿ ಬಂತು. ಯಾರೂ ನಗುತ್ತಿರಲಿಲ್ಲ. ನಾಲ್ಕು ಜನ ಗಾದಿಯ ಸಮೇತ ಭಾಬಿಯನ್ನು ಒಳಗೆ ಒಯ್ದರು. ಮತ್ತೆ ಮಂಚದ ಮೇಲೆ ಮಗ್ಗುಲು ಬದಲಿಸುವಷ್ಟಾಗಲು ಅವರಿಗೆ ತಿಂಗಳುಗಟ್ಟಲೆ ಬೇಕಾಯಿತು.

ಮರುದಿನ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಟ್ರೇಲರಿನ ಕೆಳಗೆ ಮಲಗಿದ್ದರು. ಅವರ ಮುಖ ಕಾಣದ್ದರಿಂದಲೇ ನನಗೆ ಹೇಳಲು ಧೈರ್ಯ ಬಂತೆಂದು ಕಾಣುತ್ತದೆ. ದೇವದುರ್ಗದ ದಾರಿಯಲ್ಲಿ ಪ್ರಾಣ ಹೋದಂತಾಗಿತ್ತು, ಪಿ.ಟಿ. ಮಾಸ್ತರರ ಮುಂದೆ ಮಾನ ಹೋದೀತೆಂದು ಸುಳ್ಳು ಹೇಳಿದೆ ಎಂದೆ. ಕೆಳಗಿನಿಂದ ಸ್ಪಾನರಿನ ಸದ್ದು ನಿಂತಿತು.

"ಅವತ್ತ ಮೊಸರು ಒಡೆದಿತ್ತು, ಮಾಸ್ತರ್," ಎಂದಿತು ದನಿ. "ನೀವು ಛಲೋ ಅದ ಅಂದ್ರಿ. ಕಲಿತ ಮನಷ್ಯಾ ಅಂತಾನ, ಮೊಸರಿಗೇನು ತಿಳಿತದ ಅಂತ ನಿಮ್ಮ ಮಾತು ಹಿಡಿದೆ."

ನಾನು ಬೇವಿನ ಗಿಡದ ಬುಡದಲ್ಲಿ ಕೂತೆ. ಅವರು ಹೊರಬಂದು ಕೂತು, ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಮುಂದುವರಿಸಿದರು. ಬಿಜಾಪುರದ ಆಚೆಯ ಆ ನಲವತ್ತು ಮೈಲಿಯಲ್ಲಿ ಭಾಬಿ ಒಮ್ಮೆಯೂ ಹಗ್ಗ ಜಗ್ಗಲಿಲ್ಲವಂತೆ. ನೆರಳಿಗೆಂದು ನಿಲ್ಲಿಸಿ ಹಿಂದೆ ಬಂದು ನೋಡಿದರೆ ಎಚ್ಚರ ತಪ್ಪಿತ್ತು. ಯಾಕೆ ಜಗ್ಗಲಿಲ್ಲ ಎಂದು ಆಮೇಲೆ ಕೇಳಿದರೆ, "ಮಾಸ್ತರ್‌ಗ ಏನೂ ಆಗದ ರಸ್ತಿ ನನಗ್ಯಾಕ ನೋಯ್ತದ, ನನ್ನದಾ ಸೋಗು ಅಂದ್ಕೊಂಡೆ" ಎಂದರಂತೆ.

ನಾನು ಈಗಲೇ ಹೋಗಿ ಅವರ ಕಾಲು ಹಿಡಿಯುತ್ತೇನೆ ಎಂದು ಎದ್ದೆ. ಮಿಸ್ತ್ರಿ ತಮ್ಮ ಮುಂಗೈ ಅಡ್ಡ ಹಿಡಿದರು.

"ಬ್ಯಾಡ್ರಿ. ಕಮಾನುಪಟ್ಟಿ ತಪ್ಪು ಬಿಗಿದಿದ್ದೆ ಅಂತ ಆಕಿಗೆ ಹೇಳೀನಿ. ಪಟ್ಟಿ ಆದ್ರ ಬಿಚ್ಚಿ ಮತ್ತ ಹಾಕಿ ತೋರಿಸ್ತೀನಿ, ನಂಬ್ತಾಳ. ನಿಮ್ಮನ್ನ ಹೆಂಗ ಬಿಚ್ಚಿ ಹಾಕ್ಲಿ? ಮುಂದಿನ ಐತಾರ ನೀವಾ ಮಲಗಬೇಕಲ್ರಿ."

ಬೈಯಬಹುದಿತ್ತು. ಆ ಹಕ್ಕು ಅವರಿಗಿತ್ತು, ನಾನೂ ಅದಕ್ಕೆ ತಯಾರಾಗಿ ಹೋಗಿದ್ದೆ. ಬೈಗುಳ ತಿಂದು ಹಗುರಾಗಿ ಮನೆಗೆ ಬರುವ ಅವಕಾಶವನ್ನೂ ಅವರು ಕೊಡಲಿಲ್ಲ, ಕೆಲಸ ಕೊಟ್ಟರು. ಅವರ ಬಗ್ಗೆ ನನಗೆ ಇವತ್ತಿಗೂ ಬೇಸರವಿರುವುದು ಆ ಒಳ್ಳೆಯತನಕ್ಕೇ.

ಮುಂದಿನ ಐತಾರ ದೇವದುರ್ಗದ ದಾರಿಯಲ್ಲಿ ನಾನು ಎಷ್ಟು ನರಳಿದೆನೆಂದರೆ ಎದುರಿಗೆ ಬಂದ ಬಂಡಿಯವರು ಹೆಣ್ಣುಮಗಳನ್ನು ಹೆರಿಗೆಗೆ ಒಯ್ಯುತ್ತಿದ್ದಾರೆಂದು ಎತ್ತು ಬದಿಗೆ ಹೊಡೆದು ದಾರಿ ಬಿಟ್ಟರು. ನಕ್ಷೆಯ ಮೇಲಿನ ದೇವದುರ್ಗಗಳನ್ನೆಲ್ಲ ರಬ್ಬರಿನಿಂದ ಉಜ್ಜಿ ಕೆಂಪು ಮಾಡಿದೆವು. ಅವನ್ನು ತಪ್ಪಿಸಲು ಗೆರೆ ಎಲ್ಲೆಲ್ಲೋ ಬಳಸಿ ಹೋಯಿತು; ಡ್ರೈವರುಗಳನ್ನು ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಭಾಬಿ ಏಳುವ ಹೊತ್ತಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದ್ದವು. ಮರುವರ್ಷದ ಚಳಿಗಾಲದಲ್ಲಿ ಮತ್ತೆ ಹೊರಟರು. ಈ ಸಲ ಹೋಗಿ ಮುಟ್ಟಿದರು.

ಎರಡು ತಿಂಗಳ ಮೇಲೆ ತಿರುಗಿ ಬಂದ ಮಿಸ್ತ್ರಿ ನನ್ನ ಮನೆಗೆ ಬಂದು ಮುಂಗೈ ಚಾಚಿದರು. ಅಕ್ಕ ಹೇಗಿದ್ದಾರೆ, ತಂಗಿಯನ್ನು ನೋಡಿದರೇ ಎಂದು ಕೇಳಿದೆ. "ನೋಡಿದ್ಲ್ರಿ. ಹೊಟ್ಟಿ ತುಂಬ ನೋಡಿದ್ಲು" ಎಂದರು. ನಾನು ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ತರಗತಿಯಲ್ಲಿ ನರ್ಮದೆ ಬಂದಾಗಲೆಲ್ಲ, ಅದನ್ನು ದಾಟುವ ರಸ್ತೆ ಹಾಕಿಕೊಟ್ಟವನು ನಾನು ಎಂದು ಒಂದು ಪೀರಿಯಡ್ ಹಾಳು ಮಾಡುತ್ತಿದ್ದೆ. ಪಿ.ಟಿ. ಮಾಸ್ತರರಿಗಂತೂ ವಾರಕ್ಕೊಮ್ಮೆ ಕೇಳಿಸುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಿಸ್ತ್ರಿ ತೀರಿಕೊಂಡರು. ನನಗೆ ಆಗ ಮಾನ್ವಿಗೆ ವರ್ಗವಾಗಿತ್ತು. ಸುದ್ದಿ ತಲುಪುವಷ್ಟರಲ್ಲಿ ನಾಲ್ಕು ದಿನವಾಗಿತ್ತು. ಭಾಬಿ ಅದೇ ಕಿಟಕಿಯ ಪಕ್ಕ ಮಲಗಿದ್ದರು. ಮಿಸ್ತ್ರಿಯ ತಮ್ಮನ ಸೊಸೆ ಚಹಾ ತಂದಿಟ್ಟಳು. ಏನು ಮಾತಾಡಬೇಕೆಂದು ತೋಚದೆ ನಾನು ಅಜ್ಮೀರಿನ ಮಾತು ತೆಗೆದೆ. ಏನೇ ಆಗಲಿ, ಅಕ್ಕನ ಕಣ್ಣಿಗೆ ನಿಮ್ಮನ್ನು ಕಾಣಿಸಿ ಪುಣ್ಯ ಕಟ್ಟಿಕೊಂಡರು ಎಂದೆ.

"ಎಲ್ಲಿ ಕಾಣ್ತಿತ್ತು, ಮಾಸ್ತರ್," ಎಂದರು ಭಾಬಿ. "ನಾವು ಹೋಗೋದ್ರಾಗ ಆಪಾನ ಕಣ್ಣು ಪೂರಾ ಹೋಗಿದ್ದವು. ನನ್ನ ಮುಖ ಎರಡೂ ಕೈಯಾಗ ಹಿಡಿದು, ಮೂಗು, ಗದ್ದ ಮುಟ್ಟಿ ಮುಟ್ಟಿ ಗುರುತು ಹಿಡಿದ್ಲು. ಹಿಂದಿನ ರಂಜಾನ್ ತನಕ ಮಬ್ಬಮಬ್ಬ ಕಾಣ್ತಿತ್ತಂತ."

ಹಿಂದಿನ ರಂಜಾನ್ ಎಂದರೆ ಅವರು ಮೊದಲ ಸಲ ಹೊರಟು ಅರ್ಧ ದಾರಿಯಿಂದ ತಿರುಗಿ ಬಂದ ಮೇಲಿನದು. ಲೆಕ್ಕ ಹಾಕಲು ನನಗೆ ಹೊತ್ತು ಹಿಡಿಯಲಿಲ್ಲ. ಚಹಾದ ಬಸಿಯನ್ನು ಕೆಳಗಿಟ್ಟೆ. ಮಿಸ್ತ್ರಿ ಇಷ್ಟು ವರ್ಷ ನನ್ನ ಜಂಬವನ್ನು ಕೇಳುತ್ತ ಹೇಗೆ ಸುಮ್ಮನಿದ್ದರೋ. ಇನ್ನು ಅವರ ಮಾತು ಮೀರಿದರೂ ತಡೆಯಲು ಅವರ ಮುಂಗೈ ಇರಲಿಲ್ಲ.

"ಭಾಬಿ, ಮೊದಲನೇ ಸಲ ಮಿಸ್ತ್ರಿ ಪಟ್ಟಿ ತಪ್ಪು ಬಿಗಿದಿದ್ದಿಲ್ಲ," ಎಂದೆ. "ದೇವದುರ್ಗದ ರಸ್ತಿ ಛಲೋ ಅದ ಅಂತ ನಾನಾ ಸುಳ್ಳು ಹೇಳಿದ್ದೆ."

ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟು ಇದ್ದು ಹೋಗಿ ಬಹಳ ವರ್ಷವಾಗಿದ್ದಂತಿತ್ತು.

"ಗೊತ್ತದ, ಮಾಸ್ತರ್. ತಪ್ಪು ನಂದು ಅಂತ ಅವರು ಹೇಳಿದ ದಿನಾನಾ ಗೊತ್ತಾತು," ಎಂದರು. "ಅವರಿಗೆ ಪಟ್ಟಿ ತಪ್ಪು ಬಿಗಿಯಾಕ ಬರ್ತಿದ್ದಿಲ್ಲ."